ಮೂರು ವರ್ಷ ಬಳಸಿದ ಎಕ್ಸ್‌ಟೆನ್ಷನ್ ಟ್ಯೂಬ್: ಹುಳುಗಳ ಫೋಟೋಗೆ ಇದು ಸಾಕಾ?

ಚಿಕ್ಕದನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡು ಹೊಂದಲಿಲ್ಲ. ಸದ್ಯಕ್ಕೆ ಇರಲಿ ಅಂತ 12, 20, 36 ಎಂಎಂ ಉದ್ದದ ಮೂರು ಟ್ಯೂಬ್‌ಗಳ ಸೆಟ್ ಕೊಂಡೆ. ಆ 'ಸದ್ಯ'ಕ್ಕೆ ಈಗ ಮೂರು ವರ್ಷ.

ಇದರೊಳಗೆ ಗಾಜೇ ಇಲ್ಲ, ಕ್ಯಾಮೆರಾಗೂ ಲೆನ್ಸಿಗೂ ನಡುವೆ ಸಿಕ್ಕಿಸುವ ಬರೀ ಟೊಳ್ಳು ಉಂಗುರ. ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುವುದಷ್ಟೇ ಕೆಲಸ, ಆಗ ತೀರ ಹತ್ತಿರದ್ದಕ್ಕೂ ಫೋಕಸ್ ಆಗುತ್ತದೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಹಿಗ್ಗುತ್ತದೆ ಅಂತ ಗೊತ್ತಾಗುತ್ತದೆ. 50 ಎಂಎಂ ಲೆನ್ಸಿಗೆ 36 ಮತ್ತು 12 ಹಾಕಿದರೆ ಹೆಚ್ಚುಕಮ್ಮಿ 1:1. ಅಂದರೆ 1 ಸೆಂ.ಮೀ. ಹುಳು ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಮೂಡುತ್ತದೆ.

ಮೊದಲ ವಾರ ಮೂರನ್ನೂ ಜೋಡಿಸಿಕೊಂಡು ಇರುವೆಗಳ ಹಿಂದೆ ಬಿದ್ದೆ. ಒಂದು ಫೋಟೋನೂ ನೆಟ್ಟಗೆ ಬರಲಿಲ್ಲ. 1:1ರಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8ರಷ್ಟು ಕಿರಿದು ಮಾಡಿದರೂ ಶಾರ್ಪ್ ಆಗಿ ಸಿಗುವುದು ಹೆಚ್ಚೆಂದರೆ 1 ಮಿ.ಮೀ. ಆಳ. ಮೀಸೆ ಸಿಕ್ಕರೆ ಕಣ್ಣು ಮಸುಕು. ಆಟೋಫೋಕಸ್ ಸುಮ್ನೆ ಒದ್ದಾಡುತ್ತದೆ, ಆಫ್ ಮಾಡಿಬಿಡಿ. ಲೆನ್ಸಿನ ಫೋಕಸ್ ರಿಂಗ್ ಮುಟ್ಟದೆ, ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸುತ್ತಾ ನಾಲ್ಕೈದು ಕ್ಲಿಕ್ ಮಾಡುವುದು ನನ್ನ ರೂಢಿ. ಸೆನ್ಸರ್‌ಗೆ ಬರುವ ಬೆಳಕೂ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಫ್ಲಾಶ್ ಬೇಕು, ಅದರ ಮುಂದೆ ಬಿಳಿ ಪ್ಲಾಸ್ಟಿಕ್ ಡಬ್ಬ ಕತ್ತರಿಸಿ ಕಟ್ಟಿದ್ದೇನೆ. ಇಲ್ಲದಿದ್ದರೆ ಜೀರುಂಡೆಯ ಬೆನ್ನ ಮೇಲೆ ಬಿಳಿ ಚುಕ್ಕೆ ಬಿಟ್ಟು ಇನ್ನೇನೂ ಕಾಣಲ್ಲ.

ದೊಡ್ಡ ತೊಂದರೆ ಅಂದರೆ ದೂರ. ಲೆನ್ಸಿನ ಮೂತಿ ಹುಳುವಿಗೆ ತಾಗುವಷ್ಟು ಹತ್ತಿರ ಹೋಗಬೇಕು, ನಮ್ಮ ನೆರಳೇ ಅದರ ಮೇಲೆ ಬೀಳುತ್ತದೆ. ಒಂದು ಸಲ ಎಲೆಯ ಮೇಲಿದ್ದ ನೆಗೆಯುವ ಜೇಡ ಓಡಿಹೋಗಲಿಲ್ಲ. ಪೂರ್ತಿ ತಿರುಗಿ, ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ಲೆನ್ಸನ್ನು ದಿಟ್ಟಿಸಿತು. ಫೋಕಸ್ ಕೂಡಿಬರುವಷ್ಟರಲ್ಲಿ ಟಪ್ ಅಂತ ಲೆನ್ಸಿನ ಮೇಲೇ ನೆಗೆಯಿತು! ಫೋಟೋ ಹೋಯ್ತು, ಅದರ ಮುಖ ಮಾತ್ರ ಇನ್ನೂ ಕಣ್ಣಮುಂದಿದೆ. ಆಮೇಲಿಂದ ಬೆಳಗ್ಗೆ ಇಬ್ಬನಿ ಆರುವ ಮುಂಚೆಯೇ ಹೋಗುತ್ತೇನೆ. ಚಳಿಗೆ ಮರಗಟ್ಟಿದ ಏರೋಪ್ಲೇನ್ ಚಿಟ್ಟೆ ಅಷ್ಟು ಸುಲಭಕ್ಕೆ ಏಳಲ್ಲ. ಬಣ್ಣದ ಚಿಟ್ಟೆಗಳಿಗೆ 200 ಎಂಎಂ ಲೆನ್ಸಿಗೆ 36 ಹಾಕುತ್ತೇನೆ. ಹಿಗ್ಗುವುದು ಕಡಿಮೆ, ಆದರೆ ಅವು ಗಾಬರಿಯಾಗುವುದಿಲ್ಲ.

ಎರಡನೇ ವರ್ಷ ಟ್ಯೂಬಿನ ಪ್ಲಾಸ್ಟಿಕ್ ಮೌಂಟ್ (ಲೆನ್ಸ್ ಸಿಕ್ಕಿಸುವ ಬಾಯಿ) ಸಡಿಲವಾಯಿತು. ಲೆನ್ಸ್ ಚೂರು ಅಲುಗಾಡಿದರೂ ಕ್ಯಾಮೆರಾಗೂ ಲೆನ್ಸಿಗೂ ಇರುವ ವಿದ್ಯುತ್ ಕಾಂಟ್ಯಾಕ್ಟ್ ತಪ್ಪಿ ಕ್ಯಾಮೆರಾದಲ್ಲಿ ಅಪರ್ಚರ್ ತೋರಿಸುವ ಜಾಗದಲ್ಲಿ 00 ಅಂತ ಬರುತ್ತಿತ್ತು. ಈಗಲೂ ಎಡಗೈಯಲ್ಲಿ ಲೆನ್ಸ್ ಹಿಡಿದೇ ತೆಗೆಯಬೇಕು. 36ರ ಒಳಗೋಡೆ ಹೊಳೆಯುತ್ತಿದ್ದುದರಿಂದ ಬಿಸಿಲಿನಲ್ಲಿ ತೆಗೆದ ಫೋಟೋಗಳೆಲ್ಲ ಹಾಲು ಚೆಲ್ಲಿದ ಹಾಗೆ ಬರುತ್ತಿದ್ದವು. ಕಪ್ಪು ವೆಲ್ವೆಟ್ ಕಾಗದ ಅಂಟಿಸಿದ ಮೇಲೆ ಸರಿಹೋಯಿತು. ಕಂಪನಿಯವರೇ ಮಾಡಬೇಕಾದ ಕೆಲಸ, ಅಲ್ವಾ?

ಕೊಳ್ಳುವುದಾದರೆ ಲೋಹದ ಮೌಂಟ್, ಕಾಂಟ್ಯಾಕ್ಟ್ ಪಿನ್ ಎರಡೂ ಇರುವುದನ್ನೇ ತೆಗೆದುಕೊಳ್ಳಿ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಮೂರು ಟ್ಯೂಬುಗಳಿಗೆ, ಅರ್ಧ ಆ ಜೇಡಕ್ಕೆ.