ಸಿಂಗರೇಣಿ ಕಾಲರೀಸ್: ಗ್ರಾಹಕನ ಕಣ್ಣಿನಿಂದ ಒಂದು ಪರಾಮರ್ಶೆ

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎಂಟು ಘಟಕಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಅಲ್ಲಿಗೆ ಕಲ್ಲಿದ್ದಲು ಕಳಿಸುವ ಕಂಪನಿಗಳಲ್ಲಿ ತೆಲಂಗಾಣದ ಸಿಂಗರೇಣಿ ಕಾಲರೀಸ್ ಮುಖ್ಯವಾದುದು. ಆ ಲೆಕ್ಕದಲ್ಲಿ, ಮನೆಯಲ್ಲಿ ಸ್ವಿಚ್ ಒತ್ತುವ ಕರ್ನಾಟಕದ ನಾವೂ ಈ ಕಂಪನಿಯ ಗ್ರಾಹಕರೇ. ತಿನ್ನುವ ಅಕ್ಕಿ ಎಲ್ಲಿಯದು ಎಂದು ವಿಚಾರಿಸುವ ನಾವು ಉರಿಸುವ ಕಲ್ಲಿದ್ದಲಿನ ಬಗ್ಗೆ ಅಷ್ಟೇ ಆಸ್ಥೆಯಿಂದ ವಿಚಾರಿಸಬೇಕು ಎಂಬ ಭಾವನೆಯಿಂದ ಈ ಪರಾಮರ್ಶೆಯನ್ನು ಬರೆಯುತ್ತಿದ್ದೇನೆ.

ಕಂಪನಿಯ ಹಿನ್ನೆಲೆ ನಮಗೆ ಪರಕೀಯವಲ್ಲ. ಈಗಿನ ಕಲ್ಯಾಣ ಕರ್ನಾಟಕದ ಹೆಚ್ಚಿನ ಭಾಗ ಮತ್ತು ಸಿಂಗರೇಣಿಯ ಗಣಿಗಳು ಒಂದು ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ನಿಜಾಮರ ರೈಲು ಮೊದಲು ಹಳಿ ಹಿಡಿದದ್ದು 1874ರಲ್ಲಿ, ನಮ್ಮ ವಾಡಿಯಿಂದ ಸಿಕಂದರಾಬಾದಿಗೆ. ಅದಕ್ಕೂ ಮೊದಲೇ, 1871ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಅವರು ಯಲ್ಲಂದು ಬಳಿ ಕಲ್ಲಿದ್ದಲಿನ ಪದರವನ್ನು ಗುರುತಿಸಿದ್ದರು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿಗೆ ಗಣಿಗಾರಿಕೆಯ ಹಕ್ಕು ದೊರೆಯಿತು, 1920ರಲ್ಲಿ ಸಿಂಗರೇಣಿ ಎಂಬ ಹೆಸರಿನ ಕಂಪನಿ ನೋಂದಣಿಯಾಯಿತು, 1945ರಲ್ಲಿ ನಿಜಾಮ್ ಸರ್ಕಾರವು ಅದರ ಬಹುಪಾಲು ಷೇರುಗಳನ್ನು ಕೊಂಡಿತು. ಇಂದು ತೆಲಂಗಾಣ ಸರ್ಕಾರಕ್ಕೆ ಶೇ. 51, ಕೇಂದ್ರಕ್ಕೆ ಶೇ. 49ರ ಪಾಲಿದೆ. 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆಂದು ಎರಡು ಬಾರಿ ಪುನಶ್ಚೇತನ ಮಂಡಳಿಯ ಮೆಟ್ಟಿಲೇರಿದ್ದ ಸಂಸ್ಥೆ ಚೇತರಿಸಿಕೊಂಡು, ಈಗ ವರ್ಷಕ್ಕೆ ಸುಮಾರು 7 ಕೋಟಿ ಟನ್ ಕಲ್ಲಿದ್ದಲು ತೆಗೆಯುತ್ತಿದೆ ಮತ್ತು ಲಾಭದಲ್ಲಿ ಒಂದು ಪಾಲನ್ನು ಕಾರ್ಮಿಕರಿಗೆ ಹಂಚುತ್ತಿದೆ. ಇದು ನನಗೆ ಮನಸಾರೆ ಮೆಚ್ಚುಗೆಯಾಗುವ ಸಂಗತಿ.

ಸುರಕ್ಷತೆಯ ವಿಷಯದಲ್ಲಿ ಇದೇ ಮೆಚ್ಚುಗೆಯನ್ನು ಸಲ್ಲಿಸಲು ಆಗುವುದಿಲ್ಲ. 2003 ಈ ಸಂಸ್ಥೆಯ ಪಾಲಿಗೆ ಕರಾಳ ವರ್ಷ. ಜೂನ್ 16ರಂದು ಗೋದಾವರಿಖನಿಯ 7 ಎಲ್‌ಇಪಿ ಗಣಿಗೆ ನೀರು ನುಗ್ಗಿ 17 ಮಂದಿ ಸತ್ತರು. ಸರಿಯಾಗಿ ನಾಲ್ಕು ತಿಂಗಳ ನಂತರ, ಅಕ್ಟೋಬರ್ 16ರಂದು, ಅಲ್ಲಿಯದೇ 8ಎ ಗಣಿಯಲ್ಲಿ ಚಾವಣಿ ಕುಸಿದು 10 ಮಂದಿ ಸತ್ತರು. ಈ ಎರಡೂ ಬಗೆಯ ಅವಘಡಗಳು ಗಣಿಶಾಸ್ತ್ರಕ್ಕೆ ಹೊಸವಲ್ಲವೆಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ನೀರಿನ ಮಾತನ್ನೇ ತೆಗೆದುಕೊಳ್ಳೋಣ. ಕಲ್ಲಿದ್ದಲು ತೆಗೆದು ಬಿಟ್ಟುಹೋದ ಹಳೆಯ ಸುರಂಗಗಳಲ್ಲಿ ವರ್ಷಗಟ್ಟಲೆ ನೀರು ಸಂಗ್ರಹವಾಗುತ್ತದೆ. ಅದಕ್ಕೂ ಈಗ ಕೆಲಸ ನಡೆಯುತ್ತಿರುವ ಜಾಗಕ್ಕೂ ನಡುವೆ ಕಲ್ಲಿದ್ದಲಿನ ಒಂದು ಗೋಡೆ ಮಾತ್ರ ಉಳಿದಿರುತ್ತದೆ. ಆ ಗೋಡೆ ಎಷ್ಟು ದಪ್ಪವಿದೆ ಎಂಬುದನ್ನು ಹೇಳಬೇಕಾದದ್ದು ನಕಾಶೆ, ನಕಾಶೆ ತಪ್ಪಿದ್ದರೆ ಒಳಗಿರುವವರಿಗೆ ಮುನ್ಸೂಚನೆಯೇ ಇರುವುದಿಲ್ಲ. ಆದ್ದರಿಂದಲೇ ಹಳೆಯ ಕೆಲಸದಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಅಗೆಯಬಾರದು, ಮುಂದಕ್ಕೆ ರಂಧ್ರ ಕೊರೆದು ಪರೀಕ್ಷಿಸುತ್ತಲೇ ಸಾಗಬೇಕು ಎಂದು 1957ರ ಕಲ್ಲಿದ್ದಲು ಗಣಿ ನಿಯಮಾವಳಿ ವಿಧಿಸಿತ್ತು. 1975ರ ಡಿಸೆಂಬರ್ 27ರಂದು ಧನಬಾದ್ ಸಮೀಪದ ಚಾಸ್‌ನಾಲಾದಲ್ಲಿ, ಬೇರೊಂದು ಕಂಪನಿಯ ಗಣಿಯೊಳಗೆ, ಹೀಗೆ ನುಗ್ಗಿದ ನೀರಿಗೆ 375 ಜೀವಗಳು ಬಲಿಯಾಗಿದ್ದವು. ಅದಾಗಿ ಸುಮಾರು 28 ವರ್ಷಗಳ ನಂತರವೂ ನಮ್ಮ ನೆರೆಯಲ್ಲೇ ಜನ ನೀರಿಗೆ ಸಿಕ್ಕಿ ಸತ್ತರೆಂದರೆ, ನಿಯಮ ಪುಸ್ತಕದಲ್ಲಿದ್ದಷ್ಟು ಗಟ್ಟಿಯಾಗಿ ಗಣಿಯ ತಳದಲ್ಲಿ ಇರಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಆ ನಂತರ ಹೆಚ್ಚು ಬದಲಾಗಿರುವುದು ಗಣಿಗಾರಿಕೆಯ ರೀತಿ. ಉತ್ಪಾದನೆಯ ಬಹುಪಾಲು ಈಗ ತೆರೆದ ಗಣಿಗಳಿಂದ ಬರುತ್ತದೆ. 1990ರ ದಶಕದ ಆರಂಭದಲ್ಲಿ ಒಂದು ಲಕ್ಷ ಮೀರಿದ್ದ ಕಾಯಂ ಕಾರ್ಮಿಕರ ಸಂಖ್ಯೆ ಸುಮಾರು 40 ಸಾವಿರಕ್ಕೆ ಇಳಿದಿದೆ. ನೆಲದಡಿ ಇಳಿಯುವವರೇ ಕಡಿಮೆಯಾದಾಗ ಅಲ್ಲಿಯ ಸಾವುಗಳೂ ಕಡಿಮೆಯಾಗುತ್ತವೆ. ಇದು ಒಳ್ಳೆಯದೇ ಆದರೂ, ಈಗಲೂ ಇಳಿಯುವ ಒಬ್ಬ ಕಾರ್ಮಿಕನ ತಲೆಯ ಮೇಲಿನ ಚಾವಣಿ ಮೊದಲಿಗಿಂತ ಭದ್ರವಾಗಿದೆ ಎಂಬುದಕ್ಕೆ ಒಟ್ಟು ಸಂಖ್ಯೆ ಸಾಕ್ಷಿಯಾಗಲಾರದು. ಉದ್ದನೆಯ ಕಲ್ಲಿದ್ದಲಿನ ಗೋಡೆಯನ್ನು ಯಂತ್ರದಿಂದ ಪದರಪದರವಾಗಿ ಕತ್ತರಿಸುವ ಲಾಂಗ್‌ವಾಲ್ ಪದ್ಧತಿಯ, ಸಂಸ್ಥೆಯ ಹೆಮ್ಮೆಯ ಯೋಜನೆಯಾದ ಅಡ್ರಿಯಾಲಾ ಗಣಿಯಲ್ಲೇ 2022ರ ಮಾರ್ಚ್ 7ರಂದು ಚಾವಣಿ ಕುಸಿದು ಮೂವರು ಸತ್ತರು. ಅವರಲ್ಲಿ ಒಬ್ಬರು ಆ ವಲಯದ ಸುರಕ್ಷತಾಧಿಕಾರಿ, ಇನ್ನೊಬ್ಬರು ಡೆಪ್ಯುಟಿ ಮ್ಯಾನೇಜರ್, ಮೂರನೆಯವರು ಗುತ್ತಿಗೆ ಕಾರ್ಮಿಕ. ಅಪಾಯವನ್ನು ಅಳೆಯುವುದೇ ಯಾರ ಕೆಲಸವೋ ಅವರನ್ನೂ ಚಾವಣಿ ಬಿಡಲಿಲ್ಲ ಎಂಬುದನ್ನು ನೆನೆದಾಗ ಸಂಕಟವಾಗುತ್ತದೆ. ಜೊತೆಗೆ, ಸಿಕ್ಕಿಬಿದ್ದಿದ್ದ ಇತರರನ್ನು ಹೊರತಂದ ರಕ್ಷಣಾ ತಂಡದವರ ಬಗ್ಗೆ ಗೌರವವೂ ಮೂಡುತ್ತದೆ.

ಸರಬರಾಜುದಾರನಾಗಿ ಸಿಂಗರೇಣಿಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಸುರಕ್ಷತೆಗೆ ಅರ್ಧಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಕಲ್ಲಿದ್ದಲನ್ನು ಮಾರುವಾಗ ಅದರ ಉಷ್ಣಮೌಲ್ಯವನ್ನು ಮಾದರಿ ತೆಗೆದು ಅಳೆದು, ಅದಕ್ಕೆ ತಕ್ಕ ಗುಣಮಟ್ಟದ ಶ್ರೇಣಿಯನ್ನು (ಜಿ ಶ್ರೇಣಿ) ನಿಗದಿಪಡಿಸಿ ಹಣ ಪಡೆಯಲಾಗುತ್ತದೆ. ಅದೇ ನಿಷ್ಠೆಯಿಂದ ಪ್ರತಿ ಗಣಿಯ ಸಾವು ಮತ್ತು ಗಂಭೀರ ಗಾಯಗಳ ಲೆಕ್ಕವನ್ನು, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರದ್ದನ್ನು ಬೇರೆಬೇರೆಯಾಗಿ ನಮೂದಿಸಿ, ಕೊಳ್ಳುವ ವಿದ್ಯುತ್ ನಿಗಮಗಳಿಗೆ ಪ್ರತಿ ವರ್ಷ ಸಲ್ಲಿಸುವ ಷರತ್ತನ್ನು ಒಪ್ಪಂದದಲ್ಲೇ ಸೇರಿಸಬೇಕು. ಇದನ್ನು ಕೇಳಬೇಕಾದವರು ಕೊಳ್ಳುವ ಕಡೆಯಲ್ಲಿರುವ ನಾವು.