ಕೀ ಆನ್ ಮಾಡಿದಾಗ ಆ ‘ಝುಂಯ್’ ಸದ್ದು ಬರುತ್ತಿದೆಯಾ?

ಕಳೆದ ವರ್ಷ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಹಾಸನಕ್ಕೆ ಬೈಕ್‌ನಲ್ಲಿ ವಾಪಸ್ ಬರುತ್ತಿದ್ದೆವು. ಹಿಂದೆ ಹೆಂಡತಿ ಕೂತಿದ್ದಳು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ಗಾಡಿ ಎರಡು ಸಲ ಎಳೆದಾಡಿ ನಿಂತೇಹೋಯಿತು. ಬೆನ್ನಿಗೇ ಟ್ಯಾಂಕರ್. ಆ ಡ್ರೈವರ್ ಸಮಯಕ್ಕೆ ಸರಿಯಾಗಿ ಬ್ರೇಕ್ ಒತ್ತಿದರು, ನಾವು ಉಳಿದೆವು.

ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದ ಮೇಲೆ ತಾನಾಗಿಯೇ ಸ್ಟಾರ್ಟ್ ಆಯಿತು. ನಾನು ಮೋಸ ಹೋಗಿದ್ದು ಅಲ್ಲೇ. ಏನೋ ಬಿಸಿಲಿಗೆ ಹಾಗಾಗಿದೆ ಎಂದುಕೊಂಡೆ.

ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಪ್ಲಗ್ ಬದಲಿಸಿದರು. ಮತ್ತೆ ನಿಂತಾಗ ಬ್ಯಾಟರಿ ಹಾಕಿದರು. ಮೂರನೇ ಸಲ ‘ಪೆಟ್ರೋಲ್ ಸರಿ ಇಲ್ಲ ಸರ್’ ಅಂದರು. ಅದೇ ಬಂಕ್‌ನಲ್ಲಿ ತುಂಬಿಸುವ ನನ್ನ ತಮ್ಮನ ಬೇರೆ ಮಾಡೆಲ್ ಗಾಡಿಗೆ ಏನೂ ಆಗಿಲ್ಲ! ಕೊನೆಗೆ ಹಳೇ ಮೆಕಾನಿಕ್ ಒಬ್ಬರು ಟ್ಯಾಂಕ್ ಬಿಚ್ಚಿ ಫ್ಯೂಯಲ್ ಪಂಪ್ ಹೋಗಿದೆ ಅಂದರು. ವಾರಂಟಿ ಮುಗಿದಿತ್ತು, ಕೈಯಿಂದ ದುಡ್ಡು ಹಾಕಿ ಹೊಸದು ಹಾಕಿಸಿದೆ. ಎಂಟು ತಿಂಗಳಿಗೆ ಅದೂ ಹೋಯಿತು.

ಹಳೇ ಕಾಲದ ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಸುಮ್ನೆ ಕೆಳಗೆ ಇಳಿಯುತ್ತಿತ್ತು. ನನ್ನದರಂಥ ಇಂಜೆಕ್ಷನ್ ಗಾಡಿಯಲ್ಲಿ ಅದನ್ನು ಚಿಮ್ಮಿಸಬೇಕು, ಅದಕ್ಕೆ ಸುಮಾರು 3 ಬಾರ್ ಒತ್ತಡ ಬೇಕು. ಆ ಒತ್ತಡ ಕೊಡುವುದು ಫ್ಯೂಯಲ್ ಪಂಪ್, ಅಂದರೆ ಟ್ಯಾಂಕ್ ಒಳಗೇ ಕೂತಿರುವ ಪುಟ್ಟ ಕರೆಂಟ್ ಮೋಟರ್. ಅದನ್ನು ತಂಪಾಗಿಡುವುದೂ ಸುತ್ತಲಿನ ಪೆಟ್ರೋಲೇ. ಟ್ಯಾಂಕ್ ಬರಿದಾಗುತ್ತಾ ಬಂದರೆ ಮೋಟರ್ ಬಿಸಿಯಾಗುತ್ತದೆ. ಪಂಪ್‌ಗೆ ಪೆಟ್ರೋಲ್ ಸೋಸಿ ಬಿಡುವ ಜಾಲರಿ ಕಸ ಕಟ್ಟಿ ಮುಚ್ಚಿದ್ದರೆ ಇನ್ನೂ ಜಾಸ್ತಿ. ಸೊರಗಿದ ಪಂಪ್ ಬಿಸಿಯಲ್ಲಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವುದುಂಟು. ಹಾಗಾಗಿಯೇ ಸರ್ವಿಸ್ ಸೆಂಟರ್ ಮುಟ್ಟುವಷ್ಟರಲ್ಲಿ ಗಾಡಿ ಸರಿಯಾಗಿಯೇ ಇರುತ್ತದೆ.

ಕೀ ಆನ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡ್ ‘ಝುಂಯ್’ ಅನ್ನುತ್ತದಲ್ವಾ, ಅದು ಪಂಪ್ ಸದ್ದು. ಅದು ಕ್ಷೀಣವಾದರೆ, ಕೀರಲಾದರೆ, ಒಂದೊಂದು ಸಲ ಬರದೇ ಹೋದರೆ ದಯವಿಟ್ಟು ದೂರದ ಊರಿಗೆ ಹೊರಡಬೇಡಿ. ಪ್ಲಗ್ ಬದಲಿಸುವ ಮೊದಲು ಫ್ಯೂಯಲ್ ಪ್ರೆಶರ್ ಅಳೆಯಿರಿ ಎಂದು ಗಟ್ಟಿಯಾಗಿ ಕೇಳಿ.

ನಮ್ಮೂರಲ್ಲಿ ಇದೇ ಮಾಡೆಲ್ ಇಟ್ಟುಕೊಂಡ ಐದು ಜನ ಸಿಕ್ಕಿದ್ದಾರೆ. ಮೂವರದ್ದು ಇದೇ ಕಥೆ. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ತಾರೀಕು, ಓಡಿದ ಕಿಲೋಮೀಟರ್, ಟ್ಯಾಂಕ್‌ನಲ್ಲಿದ್ದ ಪೆಟ್ರೋಲ್, ಪಂಪ್ ಮೇಲಿನ ನಂಬರ್ ಎಲ್ಲ ಬರೆಯುತ್ತೇವೆ. ನೀವೂ ಬರೆದಿಡಿ. ‘ಗಾಡಿ ಓಡುವಾಗ ಆಫ್ ಆಯಿತು’ ಎಂದು ಜಾಬ್ ಕಾರ್ಡ್‌ನಲ್ಲಿ, ಅಂದರೆ ಸರ್ವಿಸ್ ಸೆಂಟರ್‌ನವರು ನಮ್ಮ ದೂರು ಬರೆದುಕೊಳ್ಳುವ ಚೀಟಿಯಲ್ಲಿ, ಬರೆಸದೆ ಕೀ ಕೊಡಬೇಡಿ. ನನ್ನ ಮೊದಲ ಎರಡು ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಅಂತಷ್ಟೇ ಇದೆ. ಅದು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ಪಂಪ್ ಬದಲಿಸಿದರೆ ಬಿಚ್ಚಿದ ಹಳೇದನ್ನು ಕೇಳಿ ವಾಪಸ್ ತೆಗೆದುಕೊಳ್ಳಿ.

2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ತಯಾರಾಗಿ 7 ವರ್ಷ ಮೀರದ ಗಾಡಿಯ ಸುರಕ್ಷತೆ ದೋಷದ ಬಗ್ಗೆ ಮಾಲೀಕರೇ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ಸಾಕಷ್ಟು ಬಂದರೆ ಗಾಡಿಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಿಸಲು ಸರ್ಕಾರ ಹೇಳಬಹುದು. ಬಿಲ್ ಜಗಳಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಆ ಮೂವರು ಮತ್ತು ನಾನು, ನಾಲ್ವರೂ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ.

ಅಲ್ಲಿಯವರೆಗೆ ನಾನು ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿಲ್ಲ. ಹೆಂಡತಿ ಜೊತೆ ಮಂಗಳೂರಿಗೆ ಹೋಗುವುದಿದ್ದರೆ ಬಸ್ಸಿಗೇ ಹೋಗುತ್ತೇವೆ.