ಡಾಫ್ಟ್ ಪಂಕ್‌ನ ನಾಲ್ಕು ಆಲ್ಬಮ್: ವಿಮರ್ಶಕರ ಅಂಕ, ಅಭಿಮಾನಿಗಳ ಕಿವಿ

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಪಿಚ್‌ಫೋರ್ಕ್ ತಾನು ಹಿಂದೆ ಕೊಟ್ಟಿದ್ದ ಒಂದಷ್ಟು ಅಂಕಗಳನ್ನು ತಾನೇ ತಿದ್ದಿತು. ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್‌ನ ‘ಡಿಸ್ಕವರಿ’ಗೆ 2001ರಲ್ಲಿ ಹತ್ತಕ್ಕೆ 6.4 ಹಾಕಿದ್ದವರು ಈ ಸಲ ಪೂರಾ 10 ಕೊಟ್ಟರು. ಅದೇ ಜೋಡಿಯ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ 2013ರಲ್ಲಿ ಸಿಕ್ಕಿದ್ದ 8.8 ಅಂಕ 6.8ಕ್ಕೆ ಇಳಿಯಿತು. ಎರಡು ಆಲ್ಬಮ್‌ಗಳೂ ಇದ್ದ ಹಾಗೇ ಇದ್ದವು. ತೀರ್ಪು ಮಾತ್ರ ತಲೆಕೆಳಗಾಯಿತು.

ಈ ಜೋಡಿಗೂ ವಿಮರ್ಶಕರಿಗೂ ಇರುವ ನಂಟು ಶುರುವಾದದ್ದೇ ಹೀಗಳಿಕೆಯಿಂದ. ಪ್ಯಾರಿಸ್‌ನ ತೋಮಾ ಬಂಗಾಲ್ತೇರ್ ಮತ್ತು ಗೀ-ಮಾನ್ಯುಯೆಲ್ ದ ಓಮೆಮ್-ಕ್ರಿಸ್ತೊ ಶಾಲೆಯ ದಿನಗಳ ಗೆಳೆಯರು. ಮೊದಲು ‘ಡಾರ್ಲಿನ್’ ಎಂಬ ಗಿಟಾರ್ ಬ್ಯಾಂಡ್ ಕಟ್ಟಿದ್ದರು. ಬ್ರಿಟನ್ನಿನ ‘ಮೆಲಡಿ ಮೇಕರ್’ ವಾರಪತ್ರಿಕೆ ಅದನ್ನು ಆಡಿಕೊಂಡು ಬರೆದ ಮಾತನ್ನೇ ಎತ್ತಿಕೊಂಡು ಮುಂದಿನ ತಂಡಕ್ಕೆ ‘ಡಾಫ್ಟ್ ಪಂಕ್’ ಎಂದು ಹೆಸರಿಟ್ಟರು. 2021ರ ಫೆಬ್ರವರಿ 22ರಂದು ಬೇರೆಯಾಗುವವರೆಗೆ ಅವರು ಹೊರತಂದ ಸ್ಟುಡಿಯೊ ಆಲ್ಬಮ್ ನಾಲ್ಕೇ ನಾಲ್ಕು: ‘ಹೋಮ್‌ವರ್ಕ್’ (1997), ‘ಡಿಸ್ಕವರಿ’ (2001), ‘ಹ್ಯೂಮನ್ ಆಫ್ಟರ್ ಆಲ್’ (2005), ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ (2013). ನಡುವೆ 2010ರಲ್ಲಿ ‘ಟ್ರಾನ್: ಲೆಗಸಿ’ ಸಿನಿಮಾಕ್ಕೆ ಆರ್ಕೆಸ್ಟ್ರಾ ಇಟ್ಟುಕೊಂಡು ಮಾಡಿದ ಹಿನ್ನೆಲೆ ಸಂಗೀತವಿದೆ. ಚೆನ್ನಾಗಿದೆ, ಆದರೆ ಅದು ತೆರೆಯ ಮೇಲಿನ ಚಿತ್ರಕ್ಕೆ ಮಾಡಿದ ಕೆಲಸ, ಹಾಗಾಗಿ ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ.

ಈ ನಾಲ್ಕನ್ನೂ ನಾನು ಮೂರು ಕಡೆ ಹಾಕಿ ನೋಡಿದೆ. ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ. ಹೆದ್ದಾರಿಯಲ್ಲಿ ಕಾರು ಓಡಿಸುವಾಗ. ಗೆಳೆಯನ ಮನೆಯ ಮಹಡಿಯಲ್ಲಿ, ಸಬ್‌ವೂಫರ್ ಇರುವ ದೊಡ್ಡ ಸ್ಪೀಕರ್‌ಗಳಲ್ಲಿ, ನಾಲ್ಕು ಜನ ಸೇರಿದಾಗ. ಜಾಗ ಬದಲಾದ ಹಾಗೆಲ್ಲ ಯಾವುದು ಮೇಲು ಎನ್ನುವುದೂ ಬದಲಾಯಿತು. ವಿಮರ್ಶಕರಿಗೂ ಅಭಿಮಾನಿಗಳಿಗೂ ನಡುವೆ ಇಪ್ಪತ್ತು ವರ್ಷ ನಡೆದ ಜಟಾಪಟಿಗೆ ಅರ್ಧ ಕಾರಣ ಇದೇ ಎಂದು ನನಗೆ ಖಾತ್ರಿಯಾಗಿದೆ. ವಿಮರ್ಶಕ ಆಲ್ಬಮ್ ಬಿಡುಗಡೆಯಾಗುವ ಹೊತ್ತಿಗೆ, ಹೆಚ್ಚಾಗಿ ಒಂಟಿಯಾಗಿ ಕೂತು ಕೇಳಿ, ಗಡುವಿನೊಳಗೆ ಬರೆದು ಮುಗಿಸಬೇಕು. ಕುಣಿಯಲೆಂದು ಮಾಡಿದ ಸಂಗೀತ ತನ್ನ ಜನರನ್ನು ಕಂಡುಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಡುತ್ತದೆ.

‘ಡಿಸ್ಕವರಿ’ಯಿಂದಲೇ ಶುರು ಮಾಡುತ್ತೇನೆ. ಅದಕ್ಕೂ ಮುಂಚೆ ಬಂದಿದ್ದ ‘ಹೋಮ್‌ವರ್ಕ್’ನಲ್ಲಿ ಡ್ರಮ್ ಮಷೀನಿನ ಬಿರುಸಾದ ಹೊಡೆತವೇ ಮುಖ್ಯ, ಮಾತು ಕಡಿಮೆ. ಅದನ್ನು ಮೆಚ್ಚಿದ್ದವರ ಕೈಗೆ ನಾಲ್ಕು ವರ್ಷದ ಮೇಲೆ ಪಲ್ಲವಿ, ಚರಣ, ಗಿಟಾರ್ ಸೋಲೊ, ಸಿಹಿ ಸಿಹಿ ರಾಗಗಳ ಆಲ್ಬಮ್ ಬಂದು ಬಿತ್ತು. ‘ಒನ್ ಮೋರ್ ಟೈಮ್’ನಲ್ಲಿ ರೊಮಾಂತನಿ ಎಂಬ ಗಾಯಕನ ಕಂಠವನ್ನು ಯಂತ್ರದಲ್ಲಿ ಹಾಯಿಸಿ ಹೊಳೆಯುವ ಹಾಗೆ ಮಾಡಿದ್ದರು. ಆ ಕಂಠವೇ ಅನೇಕರಿಗೆ ಹಿಡಿಸಲಿಲ್ಲ. ಕೇಳುಗರು ಇದಕ್ಕೆಲ್ಲ ಕಾಯಲೇ ಇಲ್ಲ: ಬ್ರಿಟನ್ನಿನಲ್ಲಿ ಆ ಹಾಡೂ ಎರಡನೇ ಸ್ಥಾನ ತಲುಪಿತು, ಆಲ್ಬಮ್ಮೂ ಎರಡನೇ ಸ್ಥಾನ ತಲುಪಿತು.

ಆಮೇಲೆ ಆದದ್ದು ನಿಧಾನದ ಗೆಲುವು. 2003ರಲ್ಲಿ ಜಪಾನಿನ ಲೇಜಿ ಮಾಟ್ಸುಮೊಟೊ ಅವರ ಮೇಲ್ವಿಚಾರಣೆಯಲ್ಲಿ ಇಡೀ ಆಲ್ಬಮ್ಮೇ ಮಾತಿಲ್ಲದ ಅನಿಮೇಷನ್ ಚಿತ್ರವಾಯಿತು, ‘ಇಂಟರ್‌ಸ್ಟೆಲ್ಲಾ 5555’. 2007ರಲ್ಲಿ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಇದೇ ಆಲ್ಬಮ್ಮಿನ ‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ನ ತುಣುಕನ್ನು ತನ್ನ ಹಾಡಿಗೆ ಎತ್ತಿಕೊಂಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ. ಡಾಫ್ಟ್ ಪಂಕ್‌ನ ಆ ಹಾಡಿನ ತುಣುಕೂ ಎತ್ತಿಕೊಂಡದ್ದೇ, 1979ರ ಎಡ್ವಿನ್ ಬರ್ಡ್‌ಸಾಂಗ್ ಫಂಕ್ ಹಾಡೊಂದರಿಂದ. ಇಷ್ಟೆಲ್ಲ ಆಗುವಷ್ಟರಲ್ಲಿ ‘ಡಿಸ್ಕವರಿ’ಯನ್ನು ಹದಿಹರೆಯದಲ್ಲಿ ಕೇಳಿದವರೇ ಬೆಳೆದು ವಿಮರ್ಶೆ ಬರೆಯುವ ಕುರ್ಚಿಯಲ್ಲಿ ಕೂತಿದ್ದರು. ಹತ್ತಕ್ಕೆ ಹತ್ತು ಬಂದದ್ದು ಈ ದಾರಿಯಲ್ಲಿ.

ನನ್ನ ಕಿವಿಗೆ ಇದು ಕಾರಿನ ಆಲ್ಬಮ್. ‘ಡಿಜಿಟಲ್ ಲವ್’ ಹೆದ್ದಾರಿಯಲ್ಲಿ ಶುರುವಾದರೆ ದನಿ ಏರಿಸದೆ ಇರುವುದು ಕಷ್ಟ. ಅದರ ಕೊನೆಯ ಸೋಲೊದಲ್ಲಿ ನಾಚಿಕೆಯೇ ಇಲ್ಲದ ಸಂತೋಷವಿದೆ. ಹೆಡ್‌ಫೋನಿನಲ್ಲಿ ಬೇರೆಯೇ ಹಾಡು ಮುಂದೆ ಬರುತ್ತದೆ. ‘ವೆರಿಡಿಸ್ ಕ್ವೊ’ದ ಸುತ್ತಿ ಸುತ್ತಿ ಬರುವ ಸ್ವರಸಾಲು, ಅದಾದ ಮೇಲೆ ‘ಶಾರ್ಟ್ ಸರ್ಕಿಟ್’ ಕೊನೆಗೆ ನಿತ್ರಾಣವಾಗಿ ಕುಸಿಯುವ ಬಗೆ, ಇವು ಕಾರಿನ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ದೋಷವೂ ಇದೆ. ಕೊನೆಯ ‘ಟೂ ಲಾಂಗ್’ ಹತ್ತು ನಿಮಿಷ ಎಳೆಯುತ್ತದೆ, ಅರ್ಧಕ್ಕೇ ನಿಲ್ಲಿಸಬಹುದಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಹತ್ತಲ್ಲ, ಒಂಬತ್ತರ ಆಸುಪಾಸು. 6.4 ಅಂತೂ ಖಂಡಿತ ಅಲ್ಲ.

ಈ ಡಿಸ್ಕೊ ಸಿಹಿಗೆ ನಮ್ಮ ಕಿವಿ ಸುಲಭವಾಗಿ ಒಗ್ಗುವುದಕ್ಕೆ ಒಂದು ಕಾರಣವೂ ಇದೆ. ಬಂಗಾಲ್ತೇರ್‌ನ ತಂದೆ ಡ್ಯಾನಿಯೆಲ್ ವಾಂಗಾರ್ಡ್ ಡಿಸ್ಕೊ ಕಾಲದಲ್ಲಿ ಹೆಸರು ಮಾಡಿದ ಗೀತಕಾರ, ನಿರ್ಮಾಪಕ. ಒಟ್ಟಾವಾನ್ ಎಂಬ ಡಿಸ್ಕೊ ಜೋಡಿಗೆ ಅವರು ಮಾಡಿಕೊಟ್ಟ ಒಂದು ಫ್ರೆಂಚ್ ಹಾಡಿನ ಧಾಟಿಯೇ 1982ರ ‘ಡಿಸ್ಕೊ ಡ್ಯಾನ್ಸರ್’ನಲ್ಲಿ ಬಪ್ಪಿ ಲಾಹಿರಿ ಕೈಯಲ್ಲಿ ‘ಜಿಮ್ಮಿ ಜಿಮ್ಮಿ’ ಆಯಿತು. ಅಂದರೆ ಮಗನ ಹಾಡು ಬರುವುದಕ್ಕೆ ಬಹಳ ಮೊದಲೇ ಅಪ್ಪನ ಧಾಟಿ ನಮ್ಮೂರುಗಳ ಗಣೇಶೋತ್ಸವದ ಸ್ಪೀಕರ್ ತನಕ ಬಂದಿತ್ತು.

‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ನ ಕತೆ ಇದಕ್ಕೆ ತದ್ವಿರುದ್ಧ. ಇಲ್ಲಿ ಬಂದ ಮರುಕ್ಷಣವೇ ಎಲ್ಲರೂ ಎದ್ದು ನಿಂತರು. ಹಳೆಯ ರೆಕಾರ್ಡ್‌ಗಳ ತುಣುಕು ಕತ್ತರಿಸಿ ಅಂಟಿಸುವುದನ್ನು ಬಹುತೇಕ ಕೈಬಿಟ್ಟು, ಆ ಹಳೆಯ ರೆಕಾರ್ಡ್‌ಗಳಲ್ಲಿ ನುಡಿಸಿದವರನ್ನೇ ಸ್ಟುಡಿಯೊಗೆ ಕರೆಸಿದರು. ಗಿಟಾರಿಗೆ ನೈಲ್ ರಾಜರ್ಸ್, ಬೇಸ್‌ಗೆ ನೇಥನ್ ಈಸ್ಟ್, ಡ್ರಮ್ಸ್‌ಗೆ ಒಮರ್ ಹಕೀಮ್ ಮತ್ತು ಜಾನ್ ರಾಬಿನ್ಸನ್. ‘ಗೆಟ್ ಲಕ್ಕಿ’ ಹಾಡಿದ್ದು ಫರೆಲ್ ವಿಲಿಯಮ್ಸ್. ಆಲ್ಬಮ್‌ನ ಬಿಡುಗಡೆ ಸಮಾರಂಭ ನಡೆದದ್ದು ಆಸ್ಟ್ರೇಲಿಯಾದ ವೀ ವಾ ಎಂಬ ಹತ್ತಿ ಬೆಳೆಯುವ ಪುಟ್ಟ ಊರಿನ ಕೃಷಿ ಮೇಳದಲ್ಲಿ. ಅಮೆರಿಕದಲ್ಲಿ ಮೊದಲ ವಾರವೇ 3,39,000 ಪ್ರತಿ ಮಾರಾಟವಾಗಿ ಮೊದಲ ಸ್ಥಾನಕ್ಕೆ ಬಂತು. 2014ರ ಜನವರಿಯ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್, ವರ್ಷದ ರೆಕಾರ್ಡ್ ಎರಡೂ ಇವರಿಗೇ. ಎಂದಿನ ಹಾಗೆ ರೋಬಾಟ್ ಹೆಲ್ಮೆಟ್ ಹಾಕಿದ ಇವರಿಬ್ಬರು ವೇದಿಕೆ ಮೇಲೆ ಒಂದು ಮಾತೂ ಆಡದೆ ನಿಂತಿದ್ದರು, ಉಳಿದವರು ಮಾತಾಡಿದರು.

ನನ್ನ ತಮ್ಮನಿಗೆ ಇದೇ ಅವರ ಅತ್ಯುತ್ತಮ ಆಲ್ಬಮ್. ಅವನು ಈ ಜೋಡಿಯನ್ನು ಕೇಳಲು ಶುರು ಮಾಡಿದ್ದೇ ‘ಗೆಟ್ ಲಕ್ಕಿ’ಯಿಂದ. ಹಳೆಯ ಅಭಿಮಾನಿಗಳಲ್ಲಿ ಒಂದು ಗುಂಪಿಗೆ ಮಾತ್ರ ಆಗಲೇ ಕಸಿವಿಸಿ ಇತ್ತು: ಕ್ಲಬ್ಬಿನ ಸಂಗೀತ ಮಾಡುತ್ತಿದ್ದವರು ಎಪ್ಪತ್ತರ ದಶಕದ ಲಾಸ್ ಏಂಜಲೀಸ್ ಸ್ಟುಡಿಯೊ ಸಂಗೀತಕ್ಕೆ ಯಾಕೆ ಹೋದರು ಎಂದು. ಈ ಜಗಳಕ್ಕೆ ಹೆಡ್‌ಫೋನೇ ಉತ್ತರ ಕೊಡುತ್ತದೆ. ‘ಜಾರ್ಜಿಯೊ ಬೈ ಮೊರೊಡರ್’ ಒಂಬತ್ತು ನಿಮಿಷದ ತುಣುಕು. ಇಟಲಿಯ ಹಿರಿಯ ನಿರ್ಮಾಪಕ ಜಾರ್ಜಿಯೊ ಮೊರೊಡರ್ ತನ್ನ ಬದುಕಿನ ಕತೆ ಹೇಳುತ್ತಾ ಹೋಗುತ್ತಾರೆ, ಸಂಗೀತ ಅದರ ಹಿಂದೆಯೇ ಬೆಳೆಯುತ್ತದೆ. ಕೊನೆಗೆ ಡ್ರಮ್ಸ್ ಹುಚ್ಚೆದ್ದು ಓಡುವಾಗ ಪ್ರತಿಯೊಂದು ಸಿಂಬಲ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ರೆಕಾರ್ಡಿಂಗ್ ಗುಣಮಟ್ಟದಲ್ಲಿ ಉಳಿದ ಮೂರೂ ಇದರ ಹತ್ತಿರ ಸುಳಿಯುವುದಿಲ್ಲ. ಹೊಸ ಹೆಡ್‌ಫೋನ್ ಕೊಳ್ಳುವ ಮುನ್ನ ಪರೀಕ್ಷೆಗೆ ನಾನು ಹಾಕುವುದು ಇದನ್ನೇ.

ಅದೇ ಆಲ್ಬಮನ್ನು ಮಹಡಿಯ ಮೇಲೆ ಜನರ ನಡುವೆ ಹಾಕಿದಾಗ ಬಣ್ಣ ಬಯಲಾಯಿತು. ‘ಗಿವ್ ಲೈಫ್ ಬ್ಯಾಕ್ ಟು ಮ್ಯೂಸಿಕ್’ ಶುರುವಾದಾಗ ಎಲ್ಲರ ತಲೆ ಆಡಿತು. ಎರಡನೇ ಹಾಡಿಗೇ ವೇಗ ಇಳಿಯಿತು. ‘ಟಚ್’ ಬರುವಷ್ಟರಲ್ಲಿ ಜನ ಮಾತಿಗೆ ಕೂತಿದ್ದರು, ‘ಗೆಟ್ ಲಕ್ಕಿ’ಗೆ ಮತ್ತೆ ಎದ್ದರು, ಮತ್ತೆ ಕೂತರು. ಎಪ್ಪತ್ತೈದು ನಿಮಿಷದ ಹತ್ತಿರ ಹೋಗುವ ಆಲ್ಬಮ್‌ನಲ್ಲಿ ಕೂತು ಕೇಳುವ ಹಾಡುಗಳೇ ಹೆಚ್ಚು. ಎಂಟು ವರ್ಷ ಕಾದ ಮೇಲೆ ಸಿಕ್ಕ ಹೊಸ ಸ್ಟುಡಿಯೊ ಆಲ್ಬಮ್ ಎಂಬ ಸಂಭ್ರಮ 2013ರ ಅಂಕಗಳಲ್ಲಿ ಸೇರಿತ್ತು, ಸಂಭ್ರಮ ಆರಿದ ಮೇಲೆ ಅಂಕವೂ ಇಳಿಯಿತು. ಆದರೂ 6.8 ಎನ್ನುವುದು ಅನ್ಯಾಯ. ಇಷ್ಟು ಪ್ರೀತಿಯಿಂದ, ಇಷ್ಟು ಕೈಚಳಕದಿಂದ ಮಾಡಿದ ಕೆಲಸವನ್ನು ‘ಡಿಸ್ಕವರಿ’ಯನ್ನು ಎತ್ತುವ ಸಲುವಾಗಿ ತಗ್ಗಿಸಬೇಕಾಗಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಮಾತಾಡಬೇಕೆನಿಸುವುದು ‘ಹ್ಯೂಮನ್ ಆಫ್ಟರ್ ಆಲ್’ ಬಗ್ಗೆ. ‘ಡಿಸ್ಕವರಿ’ಗೆ ವರ್ಷಗಳನ್ನೇ ಸವೆಸಿದ್ದವರು ಇದನ್ನು ಸುಮಾರು ಆರು ವಾರಗಳಲ್ಲಿ ಮುಗಿಸಿದರು. ಗಿಟಾರ್, ಡ್ರಮ್ ಮಷೀನು, ದನಿಯನ್ನು ಯಂತ್ರದ ದನಿ ಮಾಡುವ ವೋಕೋಡರ್, ಎಂಟು ಟ್ರ್ಯಾಕಿನ ರೆಕಾರ್ಡರ್, ಬಂಡವಾಳ ಹೆಚ್ಚುಕಡಿಮೆ ಇಷ್ಟೇ. ಒಂದು ಸಾಲು, ಒಂದು ಗಿಟಾರ್ ಹೊಡೆತ, ಅದೇ ಮತ್ತೆ ಮತ್ತೆ. ಪಿಚ್‌ಫೋರ್ಕ್ 4.9 ಕೊಟ್ಟಿತು. ಹಲವು ವಿಮರ್ಶೆಗಳ ಅಂಕ ಕೂಡಿಸುವ ಜಾಲತಾಣ ಮೆಟಾಕ್ರಿಟಿಕ್ ಲೆಕ್ಕ ಹಾಕಿದ ಸರಾಸರಿ ನೂರಕ್ಕೆ 57. ಅಭಿಮಾನಿಗಳೂ ಈ ಸಲ ವಿಮರ್ಶಕರ ಪಕ್ಕದಲ್ಲೇ ನಿಂತರು. ಬಿಡುಗಡೆಗೆ ಮುಂಚೆಯೇ ಸೋರಿಕೆಯಾದ ಹಾಡುಗಳನ್ನು ಕೇಳಿದ ಕೆಲವರು ಇದು ಅಸಲಿ ಆಲ್ಬಮ್ ಇರಲಿಕ್ಕಿಲ್ಲ ಎಂದೇ ನಂಬಿದ್ದರಂತೆ.

ಹೆಡ್‌ಫೋನಿನಲ್ಲಿ ಕೂತು ಕೇಳಿದರೆ ಆ ಸಿಟ್ಟು ಅರ್ಥವಾಗುತ್ತದೆ. ‘ಸ್ಟೀಮ್ ಮಷೀನ್’ ಅಕ್ಷರಶಃ ಸುಸ್ತು ಮಾಡುತ್ತದೆ. ‘ಟೆಲಿವಿಷನ್ ರೂಲ್ಸ್ ದಿ ನೇಷನ್’ ಎಲ್ಲಿಗೋ ಹೋಗುತ್ತದೆ ಎಂದು ಕಾದರೆ ಎಲ್ಲಿಗೂ ಹೋಗುವುದಿಲ್ಲ.

ಈಗ ‘ಅಲೈವ್ 2007’ ಹಾಕಿ. ಅದು 2007ರ ಜೂನ್‌ನಲ್ಲಿ ಪ್ಯಾರಿಸ್‌ನ ಬೆರ್ಸಿ ಕ್ರೀಡಾಂಗಣದಲ್ಲಿ ಜನರ ಎದುರು ರೆಕಾರ್ಡ್ ಆದದ್ದು. ಹಿಂದಿನ ವರ್ಷ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಮಿನುಗುವ ಪಿರಮಿಡ್ಡಿನ ಒಳಗಿನಿಂದ ನುಡಿಸಿ ಜನರನ್ನು ಬೆರಗಾಗಿಸಿದ್ದ ಪ್ರದರ್ಶನದ ಮುಂದುವರಿಕೆ. ಮೊದಲು ಬರುವುದೇ ‘ರೋಬಾಟ್ ರಾಕ್’. ಮೂರನೆಯದರಲ್ಲಿ ಅದೇ ‘ಟೆಲಿವಿಷನ್ ರೂಲ್ಸ್ ದಿ ನೇಷನ್’ನ ಭಾರದ ಗಿಟಾರಿನ ಮೇಲೆ ‘ಡಿಸ್ಕವರಿ’ಯ ‘ಕ್ರೆಸೆಂಡಾಲ್ಸ್’ ಬಂದು ಕೂರುತ್ತದೆ. ಒಂದಕ್ಕೆ ತೂಕವಿತ್ತು, ಕುಣಿತವಿರಲಿಲ್ಲ. ಇನ್ನೊಂದಕ್ಕೆ ಕುಣಿತವಿತ್ತು, ತೂಕವಿರಲಿಲ್ಲ. ಎರಡೂ ಸೇರಿದಾಗ ಸಾವಿರಾರು ಜನ ಒಟ್ಟಿಗೆ ಕೂಗುವುದು ರೆಕಾರ್ಡಿಂಗಿನಲ್ಲೇ ಕೇಳಿಸುತ್ತದೆ. ‘ದಿ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’, ‘ದಿ ಬ್ರೇನ್‌ವಾಷರ್’, ‘ರೋಲಿನ್ ಆ್ಯಂಡ್ ಸ್ಕ್ರ್ಯಾಚಿನ್’, ‘ಅಲೈವ್’ ನಾಲ್ಕನ್ನೂ ಒಂದೇ ಉಸಿರಿಗೆ ಹೆಣೆದ ಹತ್ತು ನಿಮಿಷ ಈ ಜೋಡಿಯ ಇಡೀ ಕೆಲಸದಲ್ಲೇ ಅತ್ಯಂತ ಬಿರುಸಾದ ಘಟ್ಟ. ಇಡೀ ಪ್ರದರ್ಶನಕ್ಕೆ ಬೆನ್ನೆಲುಬಾಗಿ ನಿಂತದ್ದು ಯಾರಿಗೂ ಬೇಡವಾಗಿದ್ದ 2005ರ ಹಾಡುಗಳು. ಈ ಲೈವ್ ಆಲ್ಬಮ್ಮಿಗೆ 2009ರಲ್ಲಿ ಎಲೆಕ್ಟ್ರಾನಿಕ್ ವಿಭಾಗದ ಗ್ರ್ಯಾಮಿ ಬಂತು.

ಇದನ್ನು ಕೇಳಿದ ಮೇಲೆ ‘ಹ್ಯೂಮನ್ ಆಫ್ಟರ್ ಆಲ್’ಗೆ ಮರಳಿದರೆ ಅದು ದೋಸೆಗೆ ಹುದುಗು ಬರಿಸಿಟ್ಟ ಹಿಟ್ಟಿನ ಹಾಗೆ ಕಾಣುತ್ತದೆ: ಬೋಗುಣಿಯಿಂದಲೇ ಬಾಯಿಗಿಟ್ಟರೆ ರುಚಿಯಿಲ್ಲ, ಕಾವಲಿಗೆ ಹಾಕಿದಾಗಲೇ ಗೊತ್ತಾಗುವುದು. ಮಹಡಿಯ ದೊಡ್ಡ ಸ್ಪೀಕರ್‌ಗಳಲ್ಲಿ ‘ಟೆಕ್ನಾಲಜಿಕ್’ ಹಾಕಿದಾಗ ಎದೆಗೆ ಬಡಿಯುವ ಬೇಸ್‌ಗೆ ‘ಗೆಟ್ ಲಕ್ಕಿ’ಗೂ ಏಳದವರು ಎದ್ದರು. ವಿಮರ್ಶಕರು ಕೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಪಿಚ್‌ಫೋರ್ಕ್ ಹಳೆಯ ಅಂಕಗಳನ್ನು ತಿದ್ದಲು ಕೂತಾಗ ಈ 4.9ರ ಕಡೆ ತಿರುಗದೆ ಇದ್ದದ್ದು ನನಗೆ ಇಂದಿಗೂ ಬೇಸರದ ಸಂಗತಿ. ನಾನಾಗಿದ್ದರೆ ಸ್ಟುಡಿಯೊ ಆಲ್ಬಮ್ಮಿಗೆ ಆರೂವರೆ, ‘ಅಲೈವ್ 2007’ಕ್ಕೆ ಒಂಬತ್ತೂವರೆ ಕೊಡುತ್ತಿದ್ದೆ.

‘ಹೋಮ್‌ವರ್ಕ್’ ವಿಷಯದಲ್ಲಿ ಎರಡು ಪಕ್ಷಕ್ಕೂ ಹೆಚ್ಚು ಜಗಳವಿಲ್ಲ. ಬಂಗಾಲ್ತೇರ್‌ನ ಮಲಗುವ ಕೋಣೆಯಲ್ಲಿ ಮಾಡಿದ ಈ ಆಲ್ಬಮ್ ಫ್ರೆಂಚ್ ಹೌಸ್ ಎಂಬ ಕ್ಲಬ್ ಕುಣಿತದ ಸಂಗೀತವನ್ನು ಹೊರ ಜಗತ್ತಿಗೆ ಕೊಂಡೊಯ್ದಿತು ಎಂದು ಇಬ್ಬರೂ ಒಪ್ಪುತ್ತಾರೆ. ‘ಡಾ ಫಂಕ್’ಗೆ ಸ್ಪೈಕ್ ಜಾನ್ಸ್, ‘ಅರೌಂಡ್ ದಿ ವರ್ಲ್ಡ್’ಗೆ ಮಿಶೆಲ್ ಗೋಂದ್ರಿ ಮಾಡಿದ ವಿಡಿಯೊಗಳು ಆ ಒಪ್ಪಿಗೆಗೆ ಬಹಳ ನೆರವಾದವು. ಇದರ ಬೇಸ್ ಸಾಲುಗಳು ದೊಡ್ಡ ಸ್ಪೀಕರ್‌ನಲ್ಲಿ ಇವತ್ತಿಗೂ ತಾಜಾ. ಆದರೆ ಹದಿನಾರು ತುಣುಕುಗಳನ್ನು ಕಾರಿನಲ್ಲಿ ಒಂದೇ ಓಟಕ್ಕೆ ಕೇಳುವುದು ನನ್ನಿಂದಾಗದು. ನಡುವಿನ ಕೆಲವು ಡಿಜೆಗಳ ಕೈಗೆ ಸರಕಾಗಿ ಮಾಡಿದವು, ಹಾಡುಗಳಾಗಿ ನಿಲ್ಲುವುದಿಲ್ಲ. ‘ಟೀಚರ್ಸ್’ ಮಾತ್ರ ಯಾವತ್ತೂ ದಾಟಿಸುವುದಿಲ್ಲ. ತಮಗೆ ದಾರಿ ತೋರಿದ ಚಿಕಾಗೊ ಮತ್ತಿತರ ಊರುಗಳ ಸಂಗೀತಗಾರರ ಹೆಸರುಗಳನ್ನು ಸಾಲಾಗಿ ಹೇಳಿ ನಮಿಸುವ ಹಾಡು ಅದು.

ಈ ಜೋಡಿಯನ್ನು ಇನ್ನೂ ಕೇಳದವರು ಎಲ್ಲಿಂದ ಶುರು ಮಾಡಲಿ ಎಂದರೆ ನಾನು ಕೊಡುವುದು ‘ಡಿಸ್ಕವರಿ’. ಒಳ್ಳೆಯ ಹೆಡ್‌ಫೋನ್ ಇದ್ದು, ಒಂದು ಸಂಜೆ ಬಿಡುವಿದ್ದರೆ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’. ‘ಹ್ಯೂಮನ್ ಆಫ್ಟರ್ ಆಲ್’ ಮೊದಲು ಬೇಡ. ‘ಅಲೈವ್ 2007’ ಅನ್ನು ಅಕ್ಕಪಕ್ಕದವರು ಊರಿನಲ್ಲಿಲ್ಲದ ದಿನ ದನಿ ಏರಿಸಿ ಕೇಳಿ, ಆಮೇಲೆ ಅದಕ್ಕೆ ಕೈ ಹಾಕಿ.